ಚಳಿನಾಡಿನ ಕುಂಡದಲ್ಲಿ ಮಳೆಕಾಡಿನ ಬೀಜ

ಸೇಬು, ಪೇರ್‌ನಂಥ ಚಳಿನಾಡಿನ ಮರಗಳ ಬೀಜ ಶರತ್ಕಾಲದಲ್ಲಿ ನೆಲಕ್ಕೆ ಬಿದ್ದು ಕೆಲವು ತಿಂಗಳು ತಂಪು ಮಣ್ಣಿನಲ್ಲಿ ಮಲಗಿರುತ್ತದೆ. ಆ ತಂಪು ಸಿಗದಿದ್ದರೆ ಅದು ಮೊಳೆಯುವುದೇ ಇಲ್ಲ. ಉಷ್ಣವಲಯದ ಮರದ ಬೀಜಕ್ಕೆ ಚಳಿಗಾಲದ ಪರಿಚಯವೇ ಇಲ್ಲ; ಬಿತ್ತಿದ ಮೇಲೆ ತಂಪು ಅದಕ್ಕೆ ಬರೀ ಪೆಟ್ಟು. ಲಂಡನ್ನಿನಲ್ಲೋ ಟೊರಾಂಟೊದಲ್ಲೋ ಕೂತು ಹಲಸು, ನೇರಳೆ, ಕಾಫಿ, ಗುಲ್‌ಮೊಹರ್ ಬೆಳೆಸಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಈ ಮರ ಎಷ್ಟು ಚಳಿ ತಡೆಯುತ್ತದೆ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಬೀಜ ಒಣಗಿದರೆ ಬದುಕಿರುತ್ತದೆಯೇ?

ಬ್ರಿಟನ್ನಿನ ಬೀಜವಿಜ್ಞಾನಿ ಇ. ಎಚ್. ರಾಬರ್ಟ್ಸ್ 1973ರಲ್ಲಿ ಬೀಜಗಳನ್ನು ಈ ಗುಣದ ಮೇಲೆಯೇ ಎರಡು ಗುಂಪು ಮಾಡಿದರು. ರಾಗಿ, ಹುಣಸೆ, ಗುಲ್‌ಮೊಹರ್, ಸುಬಾಬುಲ್ ಮೊದಲ ಗುಂಪಿನವು. ಇವನ್ನು ಚೆನ್ನಾಗಿ ಒಣಗಿಸಿ ತಂಪಿನಲ್ಲಿಟ್ಟರೆ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಮಾವು, ಹಲಸು, ನೇರಳೆ, ಕೋಕೋ, ರಬ್ಬರ್ ಎರಡನೆಯ ಗುಂಪಿನವು. ಇವು ಹಸಿಯಾಗಿಯೇ ಉದುರುತ್ತವೆ, ಹಸಿಯಾಗಿಯೇ ಮೊಳೆಯುತ್ತವೆ, ಒಣಗಿದರೆ ಸಾಯುತ್ತವೆ. ಇದರ ಕಾರಣ ಹುಟ್ಟೂರಿನ ಹವೆಯಲ್ಲಿದೆ. ತಿಂಗಳುಗಟ್ಟಲೆ ಬಿಸಿಲು ಕಾಯುವ ಎಲೆಯುದುರುವ ಕಾಡಿನಲ್ಲಿ ಬೀಜ ಮುಂದಿನ ಮಳೆಯವರೆಗೆ ಕಾಯಲೇಬೇಕು. ಮಳೆಗಾಲದ ಬಾಯಲ್ಲೇ ಹಣ್ಣಾಗುವ ಮಲೆನಾಡಿನ ಮರಕ್ಕೆ ಕಾಯುವ ಕೆಲಸವೇ ಇಲ್ಲ. ಬಿದ್ದ ವಾರದಲ್ಲೇ ಬೇರು ಬಿಟ್ಟರೆ ಅದೇ ಲಾಭ. ಇಂಥ ಬೀಜವನ್ನು ಒಣಗಿಸಿ ಪ್ಯಾಕೆಟ್ಟಿನಲ್ಲಿ ತುಂಬಿ ದೂರದೇಶಕ್ಕೆ ಮಾರುವವರಿದ್ದಾರೆ. ಕೊಂಡವರು ಆರೈಕೆ ಮಾಡುತ್ತಿರುವುದು ಸತ್ತ ಬೀಜಕ್ಕೆ.

ಈ ಗುಣ ಎಷ್ಟು ದುಬಾರಿ ಎಂಬುದಕ್ಕೆ ರಬ್ಬರಿನ ಚರಿತ್ರೆಯೇ ಸಾಕ್ಷಿ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲ ಬ್ರೆಜಿಲಿನ ಅಮೆಜಾನ್ ಕಾಡಿನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ತಂದ. ಜೂನ್ ತಿಂಗಳಲ್ಲಿ ಅವು ಲಂಡನ್ನಿನ ಕ್ಯೂ ಉದ್ಯಾನ ಸೇರಿದ ಕೂಡಲೇ ಅಲ್ಲಿನ ಬಿಸಿ ಗಾಜಿನಮನೆಗಳಲ್ಲಿ ಜಾಗ ತೆರವು ಮಾಡಿ ಬಿತ್ತಿದರು. ಮೊಳೆತದ್ದು ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ. ಉಳಿದವು ದಾರಿಯಲ್ಲೇ ಸತ್ತಿದ್ದವು. ಆದರೂ ಬದುಕಿದ ಎರಡು ಸಾವಿರ ಚಿಲ್ಲರೆ ಸಸಿಗಳಲ್ಲಿ ಹೆಚ್ಚಿನವು ಅದೇ ವರ್ಷ ಶ್ರೀಲಂಕಾಕ್ಕೆ ಹೋದವು; ಏಷ್ಯಾದ ರಬ್ಬರ್ ತೋಟಗಳು ಬಹುಪಾಲು ಆ ಸಂತತಿಯಿಂದ ಬೆಳೆದವು. ಬೀಜ ಹೋಗದ ದೂರವನ್ನು ಸಸಿ ದಾಟಿದ್ದು ವಾರ್ಡ್ ಪೆಟ್ಟಿಗೆಯಿಂದ. ನಥಾನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯ 1829ರ ಹೊತ್ತಿಗೆ ಕಂಡುಕೊಂಡ, ಮುಚ್ಚಿದ ಗಾಜಿನ ಪೆಟ್ಟಿಗೆ ಅದು. ಒಳಗಿನ ತೇವ ಒಳಗೇ ಸುತ್ತುತ್ತದೆ, ಹಡಗಿನ ಉಪ್ಪುಗಾಳಿ ಒಳಗೆ ಬರುವುದಿಲ್ಲ. ಇವತ್ತು ಕಿಟಕಿಯ ಬಳಿ ಕುಂಡಕ್ಕೆ ಪ್ಲಾಸ್ಟಿಕ್ ಕವರು ಮುಚ್ಚುವವರು ಮಾಡುತ್ತಿರುವುದೂ ಅದನ್ನೇ.

ಎರಡು ಗುಂಪಿನ ನಡುವೆ ನಿಂತ ಬೀಜಗಳೂ ಇವೆ. 1990ರಲ್ಲಿ ಇದೇ ರಾಬರ್ಟ್ಸ್ ಮತ್ತು ಸಂಗಡಿಗರು ಈ ಮೂರನೆಯ ಗುಂಪನ್ನು ಗುರುತಿಸಿದ್ದು ಕಾಫಿ ಬೀಜದ ಮೇಲೆ. ಕಾಫಿ ಬೀಜ ಸಾಕಷ್ಟು ಒಣಗುವುದನ್ನು ತಡೆಯುತ್ತದೆ, ಆದರೆ ಒಣಗಿದ ಮೇಲೆ ಫ್ರೀಜರಿನ ಚಳಿಯನ್ನು ತಡೆಯುವುದಿಲ್ಲ. ಇಂಗ್ಲೆಂಡಿನ ವೇಕ್‌ಹರ್ಸ್ಟ್‌ನಲ್ಲಿ 2000ದಲ್ಲಿ ತೆರೆದ ಮಿಲೇನಿಯಂ ಬೀಜ ಭಂಡಾರದಲ್ಲಿ ಬೀಜಗಳನ್ನು ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. ಹುಣಸೆಗೆ ಅದು ಒಗ್ಗುತ್ತದೆ, ಕಾಫಿಗೆ ಒಗ್ಗುವುದಿಲ್ಲ, ಮಾವಿಗಂತೂ ಮಾತೇ ಇಲ್ಲ.

ಹಾಗಿದ್ದೂ ಚಳಿನಾಡಿನಲ್ಲಿ ಬೀಜದಿಂದ ಬೆಳೆಸಲು ಕಾಫಿಯಷ್ಟು ಒಳ್ಳೆಯ ಮರ ಕಡಿಮೆ. ಮೂರು ಶತಮಾನದ ಹಿಂದೆ ಅದು ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನದಲ್ಲೇ ಹೂ ಬಿಟ್ಟು ಕಾಯಿ ಕಟ್ಟಿತ್ತು. 1706ರಲ್ಲಿ ಡಚ್ಚರು ಜಾವಾದಿಂದ ಅಲ್ಲಿಗೆ ಕಾಫಿ ಗಿಡ ತಂದರು; 1714ರಲ್ಲಿ ಆ ನಗರ ಒಂದು ಗಿಡವನ್ನು ಫ್ರಾನ್ಸಿನ ಹದಿನಾಲ್ಕನೇ ಲೂಯಿಗೆ ಉಡುಗೊರೆ ಕೊಟ್ಟಿತು. ಅಮೆರಿಕ ಖಂಡಕ್ಕೆ ಹೋದ ಮೊದಮೊದಲ ಕಾಫಿಯ ಸಂತತಿ ಯುರೋಪಿನ ಈ ಗಾಜಿನಮನೆಗಳದು. ಬಿತ್ತನೆಗೆ ಬೇಕಾದ್ದು ಮಾತ್ರ ಹಣ್ಣಿನಿಂದ ಬಿಡಿಸಿದ, ಪಾರ್ಚ್‌ಮೆಂಟ್ ಹೊದಿಕೆಯಿನ್ನೂ ಇರುವ ಹೊಸ ಬೀಜ. ಅಂಗಡಿಯ ಹಸಿರು ಕಾಫಿಬೀಜ ಎಷ್ಟು ಹಳೆಯದೋ ಹೇಳುವವರಿಲ್ಲ, ಬಹುಪಾಲು ಮೊಳೆಯುವುದಿಲ್ಲ. ಕರ್ನಾಟಕದ ನರ್ಸರಿಗಳಲ್ಲಿ ಸುಮಾರು ಆರು ವಾರಕ್ಕೆ ಮೇಲೆ ಬರುವ ಮೊಳಕೆ, ಚಳಿನಾಡಿನ ಮನೆಯಲ್ಲಿ ಎರಡು ಮೂರು ತಿಂಗಳು ತೆಗೆದುಕೊಂಡರೆ ಗಾಬರಿಪಡಬೇಕಿಲ್ಲ. ಮೊದಲು ಮಣ್ಣಿನಿಂದ ಬಾಗಿದ ದಂಟೊಂದು ಮೇಲೇಳುತ್ತದೆ. ಅದು ನೆಟ್ಟಗಾಗುತ್ತ ಬೀಜವನ್ನು ಪಾರ್ಚ್‌ಮೆಂಟ್ ಸಮೇತ ನೆತ್ತಿಯ ಮೇಲೆ ಹೊತ್ತುಕೊಂಡು ನಿಲ್ಲುತ್ತದೆ. ಕೊಡಗು-ಚಿಕ್ಕಮಗಳೂರಿನ ನರ್ಸರಿಯವರು ಟೋಪಿ ಅನ್ನುವುದು ಈ ಹಂತಕ್ಕೆ. ಸಸಿಗಳನ್ನು ಪಾತಿಯಿಂದ ಬುಟ್ಟಿಗೆ, ಅಂದರೆ ಪಾಲಿಥೀನ್ ಚೀಲಕ್ಕೆ ದಾಟಿಸುವುದೂ ಆಗಲೇ. ಒಣಹವೆಯ ಕೋಣೆಯಲ್ಲಿ ಈ ಟೋಪಿ ಗಟ್ಟಿಯಾಗಿ ಅಂಟಿಕೊಂಡು ಬೀಜದಳಗಳು ಬಿಡಿಸಿಕೊಳ್ಳಲಾಗದೆ ಕೊಳೆಯುವುದುಂಟು. ಕೈಯಿಂದ ಕಿತ್ತರೆ ಬೀಜದಳವೂ ಕಿತ್ತುಬರುತ್ತದೆ. ದಿನಕ್ಕೆರಡು ಸಲ ನೀರು ಚಿಮುಕಿಸಿ ಮೆತ್ತಗಾಗಲು ಬಿಡುವುದೇ ಸರಿ. ಟೋಪಿ ಕಳಚಿದಾಗ ಅಂಚು ಅಲೆಅಲೆಯಾದ, ದುಂಡನೆಯ ಎರಡು ಬೀಜದಳ ತೆರೆದುಕೊಳ್ಳುತ್ತವೆ. ನಿಜವಾದ ಕಾಫಿ ಎಲೆಗೆ ಇವುಗಳ ಹೋಲಿಕೆಯೇ ಇಲ್ಲ.

ಗಟ್ಟಿ ಸಿಪ್ಪೆಯ ಬೀಜಗಳ ಸಮಸ್ಯೆ ಇದಕ್ಕೆ ವಿರುದ್ಧ. ಗುಲ್‌ಮೊಹರ್, ಹುಣಸೆ, ಆಫ್ರಿಕದ ಬಾವೊಬಾಬ್ ಬೀಜಗಳ ಸಿಪ್ಪೆಯಲ್ಲಿ ನೀರು ಸುಲಭಕ್ಕೆ ಇಳಿಯುವುದಿಲ್ಲ. ಕಾಡಿನಲ್ಲಿ ಬಿಸಿಲು, ಬೆಂಕಿ, ಪ್ರಾಣಿಗಳ ಹೊಟ್ಟೆ ಆ ಸಿಪ್ಪೆಯನ್ನು ಸವೆಸುತ್ತವೆ. ಮನೆಯಲ್ಲಿ ಉಪ್ಪುಕಾಗದವೋ ಅರವೋ ಆ ಕೆಲಸ ಮಾಡಬೇಕು. ಬೀಜದ ಕಣ್ಣಿನ ಕಡೆ ಮುಟ್ಟದೆ, ಇನ್ನೊಂದು ತುದಿಯಲ್ಲಿ ಒಳಗಿನ ತಿಳಿ ಬಣ್ಣ ಕಾಣುವಷ್ಟು ಮಾತ್ರ ಉಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿದರೆ ಬೀಜ ಉಬ್ಬಿ ಎರಡು ಪಟ್ಟಾಗುತ್ತದೆ. ಉಬ್ಬದೆ ಉಳಿದದ್ದನ್ನು ಮತ್ತೊಮ್ಮೆ ಉಜ್ಜಬೇಕು. ಈ ಸಿಪ್ಪೆ ಎಷ್ಟು ಕಾಲ ಜೀವ ಕಾಯಬಲ್ಲದೆಂಬುದು 1940ರಲ್ಲಿ ಲಂಡನ್ನಿನಲ್ಲಿ ಅಚಾನಕ್ಕಾಗಿ ಗೊತ್ತಾಯಿತು. ಬಾಂಬು ಬಿದ್ದು ಬ್ರಿಟಿಷ್ ಮ್ಯೂಸಿಯಮ್ಮಿನ ಸಸ್ಯ ವಿಭಾಗಕ್ಕೆ ಬೆಂಕಿ ಹತ್ತಿದಾಗ ಆರಿಸಲು ಹಾಯಿಸಿದ ನೀರಿನಲ್ಲಿ ನೆನೆದು, 1793ರಲ್ಲಿ ಚೀನಾದಿಂದ ತಂದಿಟ್ಟಿದ್ದ ಒಂದು ಜಾತಿಯ ಬಾಗೆ ಮರದ ಬೀಜಗಳು 147 ವರ್ಷದ ಬಳಿಕ ಮೊಳೆತವು. ಬೆಳೆಯುವ ಮಾತಿರಲಿ, ಆ ಬೀಜಗಳನ್ನು ಜೀವಂತ ಎಂದು ಯಾರೂ ಲೆಕ್ಕ ಹಿಡಿದಿರಲಿಲ್ಲ.

ಗುಂಪು ಯಾವುದೇ ಇರಲಿ, ಮೊಳೆಯಲು ಶಾಖ ಬೇಕೇ ಬೇಕು. ಬಹುತೇಕ ಉಷ್ಣವಲಯದ ಮರಗಳಿಗೆ 25ರಿಂದ 30 ಡಿಗ್ರಿ ಹಿತ. ಇಲ್ಲಿ ಬಹಳ ಮಂದಿ ಎಡವುವುದು ಗಾಳಿಯ ಶಾಖವನ್ನೇ ಮಣ್ಣಿನ ಶಾಖ ಅಂದುಕೊಂಡು. ಕೋಣೆಯಲ್ಲಿ 20 ಡಿಗ್ರಿ ಇದ್ದರೂ ಕಿಟಕಿಯ ತಣ್ಣನೆ ಗಾಜಿಗೆ ತಾಗಿ ಕೂತ ಒದ್ದೆ ಕುಂಡದ ಮಣ್ಣು ಅದಕ್ಕಿಂತ ಎಷ್ಟೋ ತಂಪಾಗಿರುತ್ತದೆ. ಆ ತಂಪಿನಲ್ಲಿ ಬೀಜ ಮೊಳೆಯುವ ಮೊದಲೇ ಬೂಷ್ಟು ಅದನ್ನು ತಿಂದು ಮುಗಿಸುತ್ತದೆ. ಕುಂಡದ ಅಡಿಗೆ ಹಾಸುವ ಹೀಟ್ ಮ್ಯಾಟ್, ಅದಿಲ್ಲದಿದ್ದರೆ ಫ್ರಿಜ್ಜಿನ ನೆತ್ತಿ ಅಥವಾ ಬಿಸಿನೀರಿನ ಬಾಯ್ಲರಿನ ಪಕ್ಕದ ಕಪಾಟು, ಈ ಕೆಲಸಕ್ಕೆ ಬರುತ್ತವೆ. ಮೊಳೆಯುವವರೆಗೆ ಹೆಚ್ಚಿನ ಮರಗಳಿಗೆ ಬೆಳಕು ಬೇಕಿಲ್ಲ. ಹಿಂಡಿದರೆ ಒಂದೆರಡು ಹನಿಯಷ್ಟೇ ನೀರು ಬರುವ ಹದದ ತೆಂಗಿನ ನಾರಿನ ಪುಡಿಯಲ್ಲಿ ಬೀಜವಿಟ್ಟು ಜಿಪ್ ಚೀಲ ಮುಚ್ಚಿ ಬೆಚ್ಚಗಿಟ್ಟರೆ, ಬೇರು ಬಂದದ್ದನ್ನು ಹೊರಗಿನಿಂದಲೇ ನೋಡಿ ಕುಂಡಕ್ಕೆ ಹಾಕಬಹುದು.

ಮಾವಿನ ಗೊರಟನ್ನು ಇಡಿಯಾಗಿ ಹೂಳುವುದಕ್ಕಿಂತ ಬಿಡಿಸಿ ಬಿತ್ತುವುದು ಮೇಲು. ನಾರು ತೊಳೆದು, ಒಂದು ದಿನ ಹೊರಮೈ ಆರಲು ಬಿಟ್ಟು, ಅಂಚಿನ ಸಂದಿಯಲ್ಲಿ ಕತ್ತರಿಯ ತುದಿ ತೂರಿಸಿ ತಿರುವಿದರೆ ಗೊರಟು ಬಾಯಿ ಬಿಡುತ್ತದೆ. ಒಳಗಿರುವುದು ಕಂದು ಪೊರೆ ಹೊದ್ದ ಬೀಜ. ಅದನ್ನು ಡುಬ್ಬದ ಕಡೆ ಮೇಲಾಗಿ ಮಲಗಿಸಿ ತೆಳುವಾಗಿ ಮುಚ್ಚಬೇಕು. ಬೀಜ ಒಂದೇ ತುಂಡಾಗಿ ಕಂಡರೆ ಬರುವುದು ಒಂದೇ ಸಸಿ, ತಾಯಿಮರದ ಹಣ್ಣಿನ ರುಚಿ ಅದಕ್ಕೆ ಬಂದೀತೆಂಬ ಭರವಸೆ ಇಲ್ಲ. ಬಾದಾಮಿ, ಮಲಗೋವಾ ಸೇರಿದಂತೆ ಭಾರತದ ಹೆಚ್ಚಿನ ಹೆಸರಾಂತ ತಳಿಗಳು ಹೀಗೆಯೇ. ಪಶ್ಚಿಮ ಕರಾವಳಿಯ ಬಪ್ಪಕಾಯಿ, ಓಲೂರು ತಳಿಗಳಲ್ಲೂ ಆಗ್ನೇಯ ಏಷ್ಯಾದ ಅನೇಕ ಮಾವುಗಳಲ್ಲೂ ಬೀಜ ಹಲವು ತುಂಡಾಗಿದ್ದು ಒಂದೇ ಗೊರಟಿನಿಂದ ಮೂರು ನಾಲ್ಕು ಸಸಿ ಏಳುತ್ತವೆ. ಅವುಗಳಲ್ಲಿ ಬಹುಪಾಲು ತಾಯಿಮರದ ಪಡಿಯಚ್ಚು.

ಮೊಳಕೆ ಬಂದದ್ದು ಅರ್ಧ ಗೆಲುವು ಮಾತ್ರ. ಮೊದಲ ಶತ್ರು ಬುಡಕೊಳೆ. ಪಿಥಿಯಂ, ರೈಜೋಕ್ಟೋನಿಯದಂಥ ರೋಗಾಣುಗಳು ಮಣ್ಣಿನ ಮಟ್ಟದಲ್ಲಿ ದಂಟನ್ನು ಮೆತ್ತಗೆ ಮಾಡಿ ಸಸಿಯನ್ನು ಒಂದೇ ರಾತ್ರಿಯಲ್ಲಿ ಮಲಗಿಸುತ್ತವೆ. ಮೊಳೆತ ಕೂಡಲೇ ಮುಚ್ಚಳ ಸರಿಸಿ ಗಾಳಿಯಾಡಿಸುವುದು, ಮೇಲಿನ ಮಣ್ಣು ಆರುವವರೆಗೆ ನೀರು ಕೊಡದಿರುವುದು, ಔಷಧಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಎರಡನೆಯದು ಬೆಳಕು. ಡಿಸೆಂಬರಿನ ಅತಿ ಕಿರಿಯ ದಿನದಲ್ಲೂ ಬೆಂಗಳೂರಿಗೆ 11 ಗಂಟೆಗೂ ಹೆಚ್ಚು ಹಗಲಿದೆ; ಲಂಡನ್ನಿಗೆ 8 ಗಂಟೆಯೂ ಪೂರ್ತಿ ಇಲ್ಲ, ಅದೂ ಮೋಡದ ಹಗಲು. ಬೆಚ್ಚಗಿನ ಕೋಣೆಯಲ್ಲಿ ಬೆಳಕಿಲ್ಲದ ಸಸಿ ಉದ್ದುದ್ದ ಬೆಳೆದು, ಸುಣ್ಣದಂತೆ ಬಿಳಿಚಿಕೊಂಡು ಕೊನೆಗೆ ಬಾಗುತ್ತದೆ. ಹುಣಸೆ, ಗುಲ್‌ಮೊಹರ್‌ನಂಥ ಕಾಯಬಲ್ಲ ಬೀಜಗಳನ್ನು ಮಾರ್ಚ್-ಏಪ್ರಿಲ್‌ನಲ್ಲಿ ಬಿತ್ತಿದರೆ ಬೇಸಿಗೆಯ ದೀರ್ಘ ಹಗಲು ಪೂರ್ತಿ ಸಿಗುತ್ತದೆ. ಮಾವು, ಹಲಸು, ನೇರಳೆಗಳಿಗೆ ಆ ಆಯ್ಕೆ ಇಲ್ಲ; ಹಣ್ಣು ಬಂದಾಗ ಬಿತ್ತಬೇಕು, ಚಳಿ ಬರುವ ಹೊತ್ತಿಗೆ ಅವಿನ್ನೂ ಎಳಸು. ಇಂಥವಕ್ಕೆ ಮೊದಲ ಚಳಿಗಾಲದಲ್ಲಿ ದಿನಕ್ಕೆ ಹನ್ನೆರಡು ಗಂಟೆಯಾದರೂ ಎಲ್‌ಇಡಿ ದೀಪ ಹಾಕುವುದು ಐಷಾರಾಮವಲ್ಲ.

ಹಿಮ ಬಿದ್ದರೆ ಮಾತ್ರ ಗಿಡ ಸಾಯುತ್ತದೆ ಎಂಬುದು ತಪ್ಪು ನಂಬಿಕೆ. ಉಷ್ಣವಲಯದ ಅನೇಕ ಗಿಡಗಳಿಗೆ 10-12 ಡಿಗ್ರಿಯಲ್ಲೇ ಪೆಟ್ಟು ಶುರು. ಜೀವಕೋಶದ ಪೊರೆಗಳ ಕೊಬ್ಬು ಗಡುಸಾಗುತ್ತದೆ, ಬೇರು ನೀರೆಳೆಯುವುದನ್ನು ಕಡಿಮೆ ಮಾಡುತ್ತದೆ. ಮಣ್ಣು ಒದ್ದೆಯಾಗಿದ್ದರೂ ಎಲೆ ಬಾಡುತ್ತದೆ. ಬಾಡಿತೆಂದು ಮತ್ತಷ್ಟು ನೀರೆರೆದವರು ಬೇರನ್ನು ಕೊಳೆಸುತ್ತಾರೆ. ಚಳಿನಾಡಿನಲ್ಲಿ ಸಸಿಗಳು ಚಳಿಗಿಂತ ಹೆಚ್ಚಾಗಿ ಸಾಯುವುದು ಈ ಕರುಣೆಯಿಂದ. ಗುಲ್‌ಮೊಹರ್, ನುಗ್ಗೆ, ಬಾವೊಬಾಬ್ ಹುಟ್ಟೂರಿನಲ್ಲೂ ಎಲೆ ಉದುರಿಸುವ ಮರಗಳು; ನವೆಂಬರಿನಲ್ಲಿ ಬೋಳಾದರೆ ತೊಗಟೆಯನ್ನು ಉಗುರಿನಿಂದ ಗೀರಿ ನೋಡಬೇಕು. ಒಳಗೆ ಹಸಿರಿದ್ದರೆ ಕುಂಡವನ್ನು ಬಹುಮಟ್ಟಿಗೆ ಒಣಗಿಸಿಯೇ ಇಟ್ಟು ವಸಂತಕ್ಕೆ ಕಾಯುವುದು. ಬೇಸಿಗೆಯಲ್ಲಿ ಹೊರಗಿಡುವಾಗಲೂ ಮೊದಲ ವಾರ ನೆರಳು ಬೇಕು. ಕೋಣೆಯಲ್ಲಿ ಹುಟ್ಟಿದ ಎಲೆ ನೇರ ಬಿಸಿಲು ಕಂಡಿಲ್ಲ, ಒಂದೇ ಮಧ್ಯಾಹ್ನಕ್ಕೆ ಸುಟ್ಟು ಬಿಳಿಯಾಗುತ್ತದೆ. ಹೀಟರಿನ ಒಣಗಾಳಿಗೆ ಕೆಂಪು ನುಸಿ ಬರುವುದೂ, ಲಂಡನ್ನಿನಂಥ ಊರಿನ ಗಡಸುನೀರಿಗೆ ಕಾಫಿ, ಕರಿಬೇವಿನ ಎಲೆ ನರ ಮಾತ್ರ ಹಸಿರುಳಿದು ಹಳದಿಯಾಗುವುದೂ ಸಾಮಾನ್ಯ. ಮಳೆನೀರು ಹಿಡಿದಿಟ್ಟುಕೊಂಡರೆ ಎರಡನೆಯದು ತಪ್ಪುತ್ತದೆ.

ಇನ್ನು ಗುರುತಿಸುವ ಪಾಡು. ಚೀಟಿ ಕಳೆದುಹೋದ ಕುಂಡ, ತಪ್ಪು ಹೆಸರಿನ ಪ್ಯಾಕೆಟ್ಟು, ಯಾರೋ ಊರಿನಿಂದ ತಂದ ಹೆಸರಿಲ್ಲದ ಬೀಜ, ಎಲ್ಲ ಕಡೆ ಇದು ಎದುರಾಗುತ್ತದೆ. ಮರ ಗುರುತಿಸುವ ಪುಸ್ತಕಗಳು ಹೂವು-ಕಾಯಿಗಳ ಮೇಲೆ ನಿಂತಿವೆ. ಕುಂಡದ ಸಸಿಗೆ ಅವೆರಡೂ ವರ್ಷಗಟ್ಟಲೆ ಬರುವುದಿಲ್ಲ. ಸಸಿಗಳನ್ನೇ ನೋಡಿ ಬರೆದ ಗ್ರಂಥಗಳಲ್ಲಿ ಇಂಗ್ಲೆಂಡಿನ ಜಾನ್ ಲಬಕ್ 1892ರಲ್ಲಿ ಹೊರತಂದ ಎರಡು ಸಂಪುಟಗಳು ಹಳೆಯವು, ಹೆಸರಾದವು. ಮೊದಲು ನೋಡಬೇಕಾದ್ದು ಬೀಜದಳ. ಹುಣಸೆ, ಗುಲ್‌ಮೊಹರ್, ಕಾಫಿಗಳಲ್ಲಿ ಅವು ಮಣ್ಣಿನಿಂದ ಮೇಲೆ ಬರುತ್ತವೆ. ಮಾವು, ಹಲಸುಗಳಲ್ಲಿ ಬೀಜದೊಳಗೇ ಉಳಿದು ದಂಟು ಮಾತ್ರ ಮೇಲೇಳುತ್ತದೆ. ಬೀಜದಳ ತುದಿಯಲ್ಲಿ ಎರಡಾಗಿ ಸೀಳಿ, ಒಟ್ಟು ನಾಲ್ಕು ಎಸಳಿನಂತೆ ಕಂಡರೆ ಅದು ಜಕರಂದದ ಬಳಗದ್ದಿರಬಹುದು.

ಮೊದಲ ಎಲೆಗಳು ನೋಡುವವರನ್ನು ಚೆನ್ನಾಗಿ ಮೋಸಗೊಳಿಸುತ್ತವೆ. ಬೆಳೆದ ಬಾವೊಬಾಬ್‌ಗೆ ಅಂಗೈಯಂತೆ ಬಿಚ್ಚಿದ ಐದೇಳು ಕಿರುಎಲೆಗಳಿರುತ್ತವೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಕರೆಯುವ ಪುರಾತನ ಮರಗಳಲ್ಲಿ ಅದನ್ನು ನೋಡಬಹುದು. ಅದರ ಸಸಿಯಲ್ಲಿ ಮೊದಲ ಕೆಲವು ತಿಂಗಳು ಬರುವುದು ಉದ್ದನೆಯ ಒಂಟಿ ಎಲೆ. ಬೀಜ ಮಾರಿದವನು ಮೋಸ ಮಾಡಿದನೆಂದು ಕಿತ್ತೆಸೆದವರು ಕಡಿಮೆಯಿಲ್ಲ. ಹಲಸಿನ ಎಳೆ ಸಸಿಯಲ್ಲಿ ಎಲೆ ಮೂರು ಹೋಳಾಗಿ ಸೀಳಿರಬಹುದು, ದೊಡ್ಡ ಮರದ ಎಲೆಯಲ್ಲಿ ಸೀಳಿಲ್ಲ. ಅನುಮಾನವಿದ್ದರೆ ಎಲೆಯ ತೊಟ್ಟು ಮುರಿದು ಬಿಳಿ ಸೊನೆ ನೋಡಿದರಾಯಿತು. ಮಲೆನಾಡಿನ ಗುಡ್ಡಗಳಲ್ಲಿ ಅರಣ್ಯ ಇಲಾಖೆ ಬೆಳೆಸಿದ ಆಸ್ಟ್ರೇಲಿಯ ಮೂಲದ ಅಕೇಶಿಯಾ ಇನ್ನೂ ವಿಚಿತ್ರ. ಸಸಿ ಮೊದಲು ಬಿಡುವುದು ಜಾಲಿಯಂಥ ಗರಿಗರಿ ಎಲೆ. ಆಮೇಲೆ ಬರುವ ಎಲೆಗಳ ತೊಟ್ಟು ಒಂದೊಂದಾಗಿ ಅಗಲವಾಗುತ್ತ, ಗರಿ ಕಿರಿದಾಗುತ್ತ, ಕೊನೆಗೆ ಗರಿಯೇ ಇಲ್ಲದ ಕುಡುಗೋಲಿನಾಕಾರದ ತೊಟ್ಟುಗಳಷ್ಟೇ ಉಳಿಯುತ್ತವೆ. ಎರಡೂ ಒಂದೇ ಸಸಿಯಲ್ಲಿ ಇರುವ ಆ ಕೆಲವು ವಾರಗಳಲ್ಲಿ ಗುರುತು ಹಿಡಿಯುವುದು ಅತಿ ಸುಲಭ.

ಎಲೆಯ ಆಕಾರ ಬದಲಾದರೂ ಜೋಡಣೆ ಅಷ್ಟು ಬದಲಾಗದು. ಗುಲ್‌ಮೊಹರ್, ಜಕರಂದ ಎರಡಕ್ಕೂ ಗರಿಯೊಳಗೆ ಗರಿ ಇರುವ ಎಲೆ; ಆದರೆ ಗುಲ್‌ಮೊಹರ್ ಎಲೆಗಳು ದಂಟಿನಲ್ಲಿ ಒಂದಾದ ಮೇಲೊಂದು ಬರುತ್ತವೆ, ಜಕರಂದದವು ಎದುರುಬದುರು ಜೋಡಿಯಾಗಿ. ಕಿರುಎಲೆಯ ತುದಿಯೂ ಹೇಳುತ್ತದೆ: ಗುಲ್‌ಮೊಹರ್‌ನದು ಮೊಂಡು, ಜಕರಂದದ್ದು ಚೂಪು. ಬೀಜವೊಂದು ಕೈಯಲ್ಲಿದ್ದರೆ ಇಷ್ಟೂ ಶ್ರಮವಿಲ್ಲ. ಒಂದು ಉದ್ದನೆಯ ಗಟ್ಟಿ ಕಾಳು, ಇನ್ನೊಂದು ಪೊರೆಯ ರೆಕ್ಕೆಯಿರುವ ಹಗುರ ಹೊಟ್ಟು. ಬಿತ್ತುವಾಗ ಒಂದು ಬೀಜವನ್ನು ಚೀಟಿಯ ಜೊತೆ ಅಂಟಿಸಿಡುವ, ಅಥವಾ ಅಳತೆಗೋಲಿನ ಪಕ್ಕ ಫೋಟೋ ತೆಗೆದಿಡುವ ರೂಢಿ ಮುಂದೆ ಎಷ್ಟೋ ವಾದ ಉಳಿಸುತ್ತದೆ.

ಹೊರದೇಶದ ಕನ್ನಡಿಗರ ಮನೆಗಳಲ್ಲಿ ಅತಿ ಹೆಚ್ಚು ಆರೈಕೆ ಪಡೆಯುವ ಉಷ್ಣವಲಯದ ಮರ ಕರಿಬೇವು. ಇದರ ಕಪ್ಪು ಹಣ್ಣಿನ ತಿರುಳು ತೊಳೆದು, ಹಸಿರು ಬೀಜವನ್ನು ಆ ವಾರವೇ ಬಿತ್ತಬೇಕು; ಕೆಲವೇ ವಾರಗಳಲ್ಲಿ ಅದರ ಜೀವ ಹೋಗುತ್ತದೆ. ಯುರೋಪಿನ ನರ್ಸರಿಗಳಲ್ಲಿ ಕರಿ ಗಿಡ ಎಂಬ ಹೆಸರಿನಲ್ಲಿ ಸಿಗುವ ಬೂದುಬಣ್ಣದ ಕುರುಚಲು ಗಿಡ ಇದಲ್ಲ. ಅದು ಮೆಡಿಟರೇನಿಯನ್ ಕಡೆಯ ಹೆಲಿಕ್ರೈಸಮ್, ಸೇವಂತಿಗೆಯ ಬಳಗ, ಸೂಜಿಯಂಥ ಎಲೆ. ಒಗ್ಗರಣೆಗೆ ಹಾಕಿದವರು ನಿರಾಶರಾಗುತ್ತಾರೆ. ಎಳೆ ಬೇವಿಗೂ ಕರಿಬೇವಿಗೂ ಗೊಂದಲವಾದರೆ ಕಿರುಎಲೆಯ ಅಂಚು ನೋಡಬೇಕು. ಬೇವಿನದು ಎದ್ದು ಕಾಣುವ ಗರಗಸ. ಕರಿಬೇವಿನ ಎಲೆಯನ್ನು ಬೆಳಕಿಗೆ ಹಿಡಿದರೆ ಚುಕ್ಕೆಚುಕ್ಕೆಯಾಗಿ ಎಣ್ಣೆಯ ಗ್ರಂಥಿಗಳು ಕಾಣುತ್ತವೆ, ನಿಂಬೆಯ ಬಳಗದ ಗುರುತು ಅದು.

ಆ ಬಳಗದ ನಂಟೇ ಕರಿಬೇವಿಗೆ ಕಾನೂನಿನ ತೊಡಕನ್ನೂ ತಂದಿದೆ. ಕಿತ್ತಳೆ ತೋಟಗಳನ್ನು ಹಾಳುಮಾಡುವ ಹಸಿರುಕಾಯಿ ರೋಗವನ್ನು ಹರಡುವ ಸಿಲಿಡ್ ಎಂಬ ಪುಟ್ಟ ಕೀಟಕ್ಕೆ ಕರಿಬೇವು ಅಚ್ಚುಮೆಚ್ಚು. ಫ್ಲಾರಿಡಾದಲ್ಲಿ ಈ ಕೀಟ 1998ರಲ್ಲಿ, ರೋಗ 2005ರಲ್ಲಿ ಕಂಡುಬಂದವು. ಹಾಗಾಗಿ ಅಮೆರಿಕದ ಕಿತ್ತಳೆ ಬೆಳೆಯುವ ರಾಜ್ಯಗಳಲ್ಲಿ ಕರಿಬೇವಿನ ಗಿಡವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ನಿರ್ಬಂಧವಿದೆ. ಐರೋಪ್ಯ ಒಕ್ಕೂಟಕ್ಕೆ ಹೋಗುವವರು 2019ರ ಡಿಸೆಂಬರಿನಿಂದ ಗಿಡ, ಹಣ್ಣು, ಬಿತ್ತನೆ ಬೀಜ ಯಾವುದನ್ನೇ ಒಯ್ಯಲಿ, ಸಸ್ಯ ಆರೋಗ್ಯ ಪ್ರಮಾಣಪತ್ರ ತೋರಿಸಬೇಕು. ವಿನಾಯಿತಿ ಇರುವುದು ಅನಾನಸ್, ತೆಂಗಿನಕಾಯಿ, ಡೂರಿಯನ್, ಬಾಳೆ, ಖರ್ಜೂರ ಎಂಬ ಐದು ಹಣ್ಣುಗಳಿಗೆ ಮಾತ್ರ. ಸೂಟ್‌ಕೇಸಿನ ಮೂಲೆಯ ನೇರಳೆ ಬೀಜದ ಪೊಟ್ಟಣಕ್ಕೂ ಈ ನಿಯಮ ಅನ್ವಯಿಸುತ್ತದೆ. ಪ್ರಮಾಣಪತ್ರದ ಓಡಾಟಕ್ಕೆ ವಾರಗಳು ಹಿಡಿದರೆ ಅಷ್ಟರಲ್ಲಿ ಆ ಬೀಜ ಬಿತ್ತಲು ಯೋಗ್ಯವಾಗಿ ಉಳಿದಿರುವುದಿಲ್ಲ. ಅಂಥ ಮರಗಳನ್ನು ಅಲ್ಲಿಯೇ ಹಣ್ಣಿನಂಗಡಿಯಲ್ಲಿ ಸಿಗುವ ಹಣ್ಣಿನಿಂದ, ಅಥವಾ ಅಲ್ಲಿನ ನರ್ಸರಿಯ ಸಸಿಯಿಂದ ಶುರುಮಾಡುವುದೇ ದಾರಿ.